ಮಡಿಕೇರಿಯ ಹಾಸ್ಟೆಲ್‌ನಲ್ಲಿ 7 ಮಳೆಗಾಲ: ವಾರ್ಡನ್ ಆಗಿ ನನ್ನ ಅನುಭವ

2015ರಿಂದ 7 ವರ್ಷ ನಾನು ಮಡಿಕೇರಿಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದೆ. ಮೆಟ್ಟಿಲ ಪಕ್ಕದ ಎರಡು ಕೋಣೆಯೇ ನನ್ನ ಮನೆ. ಮೇಲಿನ ಮೂರು ಮಹಡಿಯಲ್ಲಿ 80 ಹುಡುಗಿಯರು. ನನ್ನ ನಂತರ ಬಂದವಳು ಆಗಾಗ ಫೋನ್ ಮಾಡಿ, "ಅಕ್ಕಾ, ಇದನ್ನೆಲ್ಲ ನೀವು ಹೇಗೆ ನೋಡಿಕೊಳ್ತಿದ್ರಿ?" ಅಂತ ಕೇಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರು ಅಳುವುದು ಮನೆ ನೆನಪಾಗಿ ಅಂತ ಅಂದುಕೊಂಡಿದ್ದೆ. ಮೊದಲ ಮಳೆಗಾಲದಲ್ಲೇ ಗೊತ್ತಾಯಿತು, ಅರ್ಧ ಅಳು ಒಣಗದ ಬಟ್ಟೆಗೆ. ರಾಯಚೂರಿನಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಜಾಸ್ತಿ ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಆ ಕಡೆಯಿಂದ ಬಂದ ಮಕ್ಕಳು ಒಗೆದ ಚೂಡಿದಾರವನ್ನು ಕಿಟಕಿಗೆ ಹಾಕಿ ಮೂರು ದಿನ ಕಾಯುತ್ತಾರೆ. ನಾಲ್ಕನೇ ದಿನ ಅದರಲ್ಲಿ ಮುಗ್ಗಲು ವಾಸನೆ. ಅದನ್ನೇ ಹಾಕಿಕೊಂಡು ಕ್ಲಾಸಿಗೆ ಹೋಗುವುದಕ್ಕೆ ನಾಚಿಕೆ. ಅದಕ್ಕೇ ಕ್ಲಾಸ್ ತಪ್ಪಿಸುತ್ತಾರೆ, ಕಾರಣ ಹೇಳುವುದಿಲ್ಲ.

ನಮ್ಮಲ್ಲಿ ಸ್ನಾನದ ನೀರು ಕಾಯಿಸುವ ಸೌದೆ ಒಲೆ ಇತ್ತು. ಅದರ ಗೋಡೆಗೆ ತಾಗಿದ್ದ ಹಳೆಯ ಸಾಮಾನು ಕೋಣೆಯನ್ನು ಖಾಲಿ ಮಾಡಿಸಿದೆ. ಈ ಗೋಡೆಯಿಂದ ಆ ಗೋಡೆಗೆ ಆರು ಸಾಲು ಹಗ್ಗ ಕಟ್ಟಿಸಿದೆ. ನಮ್ಮೂರ ಮನೆಗಳಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸುವುದು ಹೊಸದೇನಲ್ಲ ಅಲ್ವಾ? ಸಂಜೆ ಆರಕ್ಕೆ ಬಂದರೆ ಆ ಗೋಡೆ ಬೆಚ್ಚಗಿರುತ್ತಿತ್ತು. ಹುಡುಗಿಯರು ಅದಕ್ಕೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದರು. ನಾನೂ ಹೋಗಿ ಕೂತು ಬಟ್ಟೆ ಮಡಚುತ್ತಿದ್ದೆ. ಆಫೀಸ್ ಕೋಣೆಗೆ ಕರೆಸಿ "ಏನಾದ್ರೂ ತೊಂದರೆ ಇದೆಯಾ?" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆ ಬಟ್ಟೆ ಕೋಣೆಯಲ್ಲಿ ಕೈಗೆ ಕೆಲಸ ಇರುತ್ತಿತ್ತು, ಯಾರೂ ಯಾರ ಮುಖ ನೋಡಬೇಕಾಗಿರಲಿಲ್ಲ. ಫೀಸ್ ಕಟ್ಟಲಾಗದ್ದು, ಬೇಡವಾದ ಮದುವೆ ಮಾತು, ಸೀನಿಯರ್ ಒಬ್ಬಳ ಕಾಟ, ಎಲ್ಲ ನನಗೆ ಗೊತ್ತಾಗಿದ್ದು ಆ ಕೋಣೆಯಲ್ಲೇ.

ಹಾಜರಿಯನ್ನೂ ನಾನು ಹಾಲ್‌ನಲ್ಲಿ ಕೂಗುತ್ತಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ರಿಜಿಸ್ಟರ್ ಹಿಡಿದು ಕೋಣೆ ಕೋಣೆಗೆ ಹೋಗುತ್ತಿದ್ದೆ. ಮುಕ್ಕಾಲು ಗಂಟೆ ಹಿಡಿಯುತ್ತದೆ, ಮಂಡಿ ನೋಯುತ್ತದೆ. ಆದರೆ ಯಾರ ತಟ್ಟೆ ಎರಡು ದಿನದಿಂದ ಒಣಗಿದೆ, ಯಾರು ಎಂಟಕ್ಕೇ ಮುಸುಕು ಹಾಕಿದ್ದಾರೆ, ಯಾವ ಕೋಣೆಯಲ್ಲಿ ಮಂಚಗಳು ದೂರ ಸರಿದಿವೆ, ಇದೆಲ್ಲ ಕಣ್ಣಿಗೆ ಬೀಳುವುದು ಹಾಗೆ ಹೋದರೆ ಮಾತ್ರ.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಎರಡನೇ ವರ್ಷ ಒಂದು ರಾತ್ರಿ ಒಂದೂವರೆಗೆ ಬಾಗಿಲು ಸದ್ದಾಯಿತು, ಉಗುರಲ್ಲಿ ತಟ್ಟಿದ ಹಾಗೆ. "ಎಚ್ಚರ ಅದೀರೇನ್ರೀ ಮೇಡಂ?" ರಾಯಚೂರಿನ ಹುಡುಗಿ. ಅವಳ ರೂಮ್‌ಮೇಟ್‌ಗೆ ಹೊಟ್ಟೆನೋವು. ಹೋಗಿ ನೋಡಿದರೆ ಹುಡುಗಿ ಮಂಡಿ ಎದೆಗೆ ಒತ್ತಿಕೊಂಡು ಬೆವರುತ್ತಿದ್ದಾಳೆ. ನೋವು ಶುರುವಾಗಿದ್ದು ಹನ್ನೊಂದಕ್ಕೆ. ಅವತ್ತು ಇಬ್ಬರೂ ಪರ್ಮಿಷನ್ ಇಲ್ಲದೆ ಪೇಟೆಗೆ ಹೋಗಿ ತಿಂದು ಬಂದಿದ್ದರು. ಬೈಗುಳಕ್ಕೆ ಹೆದರಿ ಎರಡೂವರೆ ಗಂಟೆ ಹಲ್ಲು ಕಚ್ಚಿ ಕೂತಿದ್ದರು. ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಅಂದರು, ಬೆಳಿಗ್ಗೆಯೇ ಆಪರೇಷನ್ ಆಯಿತು. ಹುಡುಗಿ ಹುಷಾರಾದಳು. ಆದರೆ ಆ ಎರಡೂವರೆ ಗಂಟೆ ನನ್ನ ತಲೆಯಿಂದ ಹೋಗಲಿಲ್ಲ. ನನ್ನ ರಿಜಿಸ್ಟರ್‌ನ ಹೆದರಿಕೆ ಆ ನೋವಿಗಿಂತ ದೊಡ್ಡದಾಗಿತ್ತು.

ಆಮೇಲೆ ಪ್ರತಿ ವರ್ಷ ಹೊಸಬರು ಬಂದ ದಿನವೇ ಅವರ ಅಪ್ಪ ಅಮ್ಮನ ಎದುರಿಗೇ ಹೇಳುತ್ತಿದ್ದೆ: "ಏನೇ ತಪ್ಪು ಮಾಡಿದ್ರೂ ರಾತ್ರಿ ಬಂದು ಬಾಗಿಲು ತಟ್ಟಿ. ಅವತ್ತು ನಾನು ಏನೂ ಕೇಳಲ್ಲ. ಕೇಳೋದಿದ್ರೆ ನಾಳೆ ಕೇಳ್ತೀನಿ." ಹೇಳಿದರೆ ಸಾಲದು, ಹಾಗೇ ನಡೆದುಕೊಳ್ಳಬೇಕು. ಒಂದು ಸಲ ಬಾಗಿಲಲ್ಲಿ ಸಿಡುಕಿದರೆ ಸಾಕು, ಮೂರು ಮಹಡಿಗೂ ಸುದ್ದಿ ಹೋಗುತ್ತದೆ.

ನಾನು ಕೈಯಾರೆ ಕೆಡಿಸಿದ್ದೂ ಇದೆ. ಒಬ್ಬಳು ಊಟ ಬಿಟ್ಟಿದ್ದಳು. ಅವಳಿಗೆ ಒಂದು ಮಾತೂ ಹೇಳದೆ ನಾನು ಮನೆಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆಯೇ ಅಪ್ಪ ಬಂದು ಕರೆದುಕೊಂಡು ಹೋದರು. ತಿಂಗಳ ನಂತರ ವಾಪಸ್ ಬಂದಳು, ಆದರೆ ಆ ಬೆಚ್ಚಗಿನ ಕೋಣೆಗೆ ಮತ್ತೆ ಬರಲಿಲ್ಲ. ಆಮೇಲಿಂದ "ಅಮ್ಮನಿಗೆ ಹೇಳಬೇಕು ಅನ್ನಿಸ್ತಿದೆ. ನೀನೇ ಮಾತಾಡ್ತೀಯಾ, ನಾನು ಮಾತಾಡ್ಲಾ?" ಅಂತ ಮೊದಲು ಅವರನ್ನೇ ಕೇಳುತ್ತಿದ್ದೆ. ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ ಈ ಮಾತಿಲ್ಲ. ಆಗ ಒಂಟಿಯಾಗಿ ಬಿಡಬಾರದು, 108ಕ್ಕೆ ಫೋನ್ ಮಾಡಬೇಕು, ಮನೆಯವರಿಗೆ ತಿಳಿಸಬೇಕು. "ಯಾರಿಗೂ ಹೇಳಲ್ಲ" ಅಂತ ನಾನು ಯಾವತ್ತೂ ಮಾತು ಕೊಟ್ಟಿಲ್ಲ. ವಾರ್ಡನ್ ಡಾಕ್ಟರ್ ಅಲ್ಲ, ಕೌನ್ಸೆಲರ್ ಅಲ್ಲ. ಈಗ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಪ್ರತಿ ಮಹಡಿಯಲ್ಲಿ ಅಂಟಿಸಿರಲಿ, ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಜೊತೆಗೆ.

2018ರ ಆಗಸ್ಟ್ ಬಗ್ಗೆ ಹೇಳಲೇಬೇಕು. ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿತು. ಕರೆಂಟ್ ಹೋಯಿತು. ರಜೆಗೆ ಊರಿಗೆ ಹೋಗದೆ ಉಳಿದಿದ್ದ 31 ಹುಡುಗಿಯರು ನನ್ನ ಜೊತೆ. ಅವರ ಮನೆಯ ನಂಬರ್‌ಗಳೆಲ್ಲ ನನ್ನ ಫೋನ್‌ನಲ್ಲಿ, ಫೋನ್ ಸತ್ತಿದೆ. ಅಡುಗೆಯ ಅಕ್ಕ ಗುಡ್ಡ ಕುಸಿದಿದ್ದ ಮಕ್ಕಂದೂರಿನವರು. ಅವರ ಮನೆಯವರು ಎಲ್ಲಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ. ಆದರೂ ಗಂಜಿ, ಉಪ್ಪಿನಕಾಯಿ ಮಾಡಿ ಬಡಿಸಿದರು. ಬಡಿಸುವ ಕೈ ನಡುಗುತ್ತಿತ್ತು. ಒಬ್ಬಳ ಫೋನ್‌ಗೆ ಮೂರನೇ ಮಹಡಿಯ ಕಿಟಕಿಯಲ್ಲಿ ಸಿಗ್ನಲ್ ಸಿಕ್ಕಿತು. ಮೊದಲ ಫೋನ್ ಅಡುಗೆಯ ಅಕ್ಕನೇ ಮಾಡಲಿ ಅಂತ ಹುಡುಗಿಯರೇ ತೀರ್ಮಾನ ಮಾಡಿದರು. ಮನೆಯವರು ಕ್ಯಾಂಪ್‌ನಲ್ಲಿದ್ದಾರೆ ಅಂತ ಗೊತ್ತಾದ ಮೇಲೆ ಉಳಿದವರು ಸಾಲಲ್ಲಿ ನಿಂತು ತಲಾ ಅರ್ಧ ನಿಮಿಷ ಮಾತಾಡಿದರು. ಆ ವಾರದ ನಂತರ ಎಲ್ಲ ನಂಬರ್‌ಗಳನ್ನೂ ಕಾಗದಕ್ಕೆ ಬರೆದು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟೆ.

ನಮ್ಮ ರಜೆಯ ಬಗ್ಗೆಯೂ ಒಂದು ಮಾತು. ಹಾಸ್ಟೆಲ್‌ಗೆ ಪೂರ್ಣಾವಧಿ ವಾರ್ಡನ್ ಇರಬೇಕು, ಅಲ್ಲೇ ಅಥವಾ ತೀರ ಹತ್ತಿರ ವಾಸ ಇರಬೇಕು, ಯಾವ ಹೊತ್ತಿನಲ್ಲೂ ಫೋನ್‌ಗೆ ಸಿಗಬೇಕು ಅಂತ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ರ‍್ಯಾಗಿಂಗ್ ತಡೆ ನಿಯಮವೇ ಹೇಳುತ್ತದೆ. ಸರಿಯೇ. ಆದರೆ ಒಬ್ಬಳೇ ಮನುಷ್ಯಳು ವರ್ಷವಿಡೀ ಎಚ್ಚರ ಇರಲು ಆಗುವುದಿಲ್ಲ. ಮೊದಲ ಮೂರು ವರ್ಷ ಸೋಮವಾರಪೇಟೆಯಲ್ಲಿದ್ದ ನನ್ನ ಮಗಳ ಒಂದು ಹುಟ್ಟುಹಬ್ಬಕ್ಕೂ ನಾನು ಹೋಗಲಿಲ್ಲ. ಕೇಳಲು ಸಂಕೋಚ. ನಾಲ್ಕನೇ ವರ್ಷ ವಾರಕ್ಕೆ ಒಂದು ರಾತ್ರಿ ರಜೆ ಬೇಕು, ಆ ರಾತ್ರಿ ಹುಡುಗಿಯರಿಗೆ ಪರಿಚಯ ಇರುವವರೇ ಬದಲಿಗೆ ಇರಬೇಕು ಅಂತ ಬರೆದುಕೊಟ್ಟೆ. ಒಪ್ಪಿದರು. ಇದನ್ನು ಕೆಲಸಕ್ಕೆ ಸೇರುವ ದಿನವೇ ಕೇಳಿ.

ಬಿಟ್ಟು ಬರುವಾಗ ಹೊಸಬಳಿಗೆ ಕೀಲಿ ಗೊಂಚಲಿನ ಜೊತೆ ಒಂದು ಚೀಟಿ ಕೊಟ್ಟೆ. ಕವರ್‌ನಲ್ಲಿರುವ ನಂಬರ್‌ಗಳನ್ನು ಪ್ರತಿ ವರ್ಷ ಹೊಸದಾಗಿ ಬರೆ. ರಾತ್ರಿ ಬರುವ ಆಟೋದವರ ನಂಬರ್ ಬಾಗಿಲ ಹಿಂದೆ ಇದೆ. ಒಣ ಸೌದೆ ಮೇ ಮುಗಿಯುವುದರೊಳಗೆ ತರಿಸಿಕೋ, ಆಮೇಲೆ ಸಿಗುವುದೆಲ್ಲ ಹಸಿ.