ವೆನಿಲ್ಲಾ ಹೋಯಿತು, ಕೊಕ್ಕೋ ಉಳಿಯಿತು

2001ರಲ್ಲಿ ಅಡಿಕೆಗೆ ರೇಟು ಬಿದ್ದಿತ್ತು. ನಮ್ಮ ಪುತ್ತೂರಿನ ಕಡೆ ಯಾರ ಮನೆ ಜಗಲಿಯಲ್ಲಿ ಕೂತರೂ ಐಸ್‌ಕ್ರೀಮ್‌ಗೆ ಪರಿಮಳ ಕೊಡುವ ವೆನಿಲ್ಲಾದ್ದೇ ಮಾತು. ನಾನೂ ಆಸರೆಗೆ ಗ್ಲಿರಿಸಿಡಿಯಾ ಗಿಡದ ಗೂಟ ಊರಿ 400 ಬಳ್ಳಿ ಹಬ್ಬಿಸಿದೆ. ಅಪ್ಪ "ಇದನ್ನು ನಮ್ಮಲ್ಲಿ ತಿನ್ನುವವರು ಯಾರು?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ.

ಮೆಕ್ಸಿಕೋದಿಂದ ಬಳ್ಳಿ ಬಂತು, ಅಲ್ಲಿನ ಹುಳ ಬರಲಿಲ್ಲ. ಹಾಗಾಗಿ ಪರಾಗಸ್ಪರ್ಶ ನಮ್ಮ ಕೈಯಲ್ಲೇ ಆಗಬೇಕು. ಹೂ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ತೆಂಗಿನ ಗರಿಯ ಕಡ್ಡಿ ಹಿಡಿದು, ಹೂವಿನೊಳಗಿನ ಸಣ್ಣ ಪೊರೆಯನ್ನು ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ದಿನಕ್ಕೆ ಮುನ್ನೂರು ಹೂ. ನನ್ನ ಹೆಂಡತಿಯ ಕೈ ನನಗಿಂತ ಚುರುಕು, ಅವಳು ಮುಟ್ಟಿದ ಹೂ ಹುಸಿಯಾದದ್ದು ಕಡಿಮೆ.

ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತ ಬಂದು ಅಲ್ಲಿನ ತೋಟ ಹಾಳಾದದ್ದರಿಂದಲೇ ನಮಗೆ ಈ ಸುಗ್ಗಿ. 2003ರಲ್ಲಿ ಹಸಿ ಕೋಡು ಕಿಲೋಗೆ 3,000 ರೂಪಾಯಿ ದಾಟಿತ್ತು. ಕಳ್ಳರ ಭಯಕ್ಕೆ ಜನ ತೋಟದಲ್ಲೇ ಮಲಗುತ್ತಿದ್ದರು. ನನ್ನ ಬಳ್ಳಿ ಹೂ ಬಿಟ್ಟದ್ದು 2004ರಲ್ಲಿ. ಅಷ್ಟರಲ್ಲಿ ಮಡಗಾಸ್ಕರ್‌ನಲ್ಲಿ ಹೊಸ ಬೆಳೆ ಬಂದಿತ್ತು, ಐಸ್‌ಕ್ರೀಮ್ ಕಂಪನಿಗಳು ಅದೇ ಪರಿಮಳದ ಕೃತಕ ವೆನಿಲಿನ್‌ಗೆ ಹೊರಳಿದ್ದವು. ಮರುವರ್ಷ 100 ರೂಪಾಯಿಗೂ ಕೇಳುವವರಿಲ್ಲ. ಖರೀದಿಸುತ್ತೇವೆಂದು ಮಾತು ಕೊಟ್ಟಿದ್ದ ಕಂಪನಿಯವರು ಫೋನ್ ಎತ್ತುವುದನ್ನೇ ಬಿಟ್ಟರು. ಬಳ್ಳಿ ಕಡಿದು ಅಡಿಕೆ ಬುಡಕ್ಕೆ ಹಾಕಿದೆ.

ಅಪ್ಪನಿಗೆ ಇದು ಹೊಸತಲ್ಲ. ಎಪ್ಪತ್ತರ ದಶಕದಲ್ಲಿ ಅಡಿಕೆ ಮಧ್ಯೆ ಕೊಕ್ಕೋ ಹಾಕಿ ಎಂದು ಹುರಿದುಂಬಿಸಿದ ಕಂಪನಿಯೇ, ಲೋಕದ ದರ ಬಿದ್ದಾಗ ಬೀಜ ಕೊಳ್ಳುವುದನ್ನು ನಿಲ್ಲಿಸಿತ್ತಂತೆ. ಆಗ ಕೈಹಿಡಿದದ್ದು ಕ್ಯಾಂಪ್ಕೋ. 1973ರಲ್ಲಿ ಅಡಿಕೆಗಾಗಿ ಬೆಳೆಗಾರರೇ ಕಟ್ಟಿಕೊಂಡ ಸಹಕಾರ ಸಂಘ ಅದು. ಕೊಕ್ಕೋವನ್ನೂ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಫ್ಯಾಕ್ಟರಿ ಹಾಕಿತು. ನನಗೆ ಮುಖ್ಯ ಎನಿಸುವುದು ಈ ಫ್ಯಾಕ್ಟರಿಯೇ. ವೆನಿಲ್ಲಾಕ್ಕೆ ನಮ್ಮೂರಲ್ಲಿ ಅಂಥದ್ದೊಂದು ಇರಲೇ ಇಲ್ಲ, ಅಲ್ವಾ?

ವೆನಿಲ್ಲಾ ತೆಗೆದ ಜಾಗದಲ್ಲಿ 150 ಕೊಕ್ಕೋ ಗಿಡ ನೆಟ್ಟೆ. ಅಳಿಲು ತಿಂದು ಉಳಿದದ್ದು ನಮ್ಮದು. ಕಾಯಿ ಒಡೆದ ದಿನ ಕೈಯೆಲ್ಲ ಅಂಟು, ಹುಳಿಸಿಹಿ ವಾಸನೆ. ಹಸಿ ಬೀಜವನ್ನು ಅಂದೇ ಸಂಘಕ್ಕೆ ಒಯ್ಯುತ್ತೇನೆ.

ಸಹಕಾರ ಸಂಘ ಇದ್ದ ಮಾತ್ರಕ್ಕೆ ಲೋಕದ ಮಾರುಕಟ್ಟೆಯಿಂದ ಬಿಡುಗಡೆ ಸಿಗುತ್ತದೆ ಎಂದಲ್ಲ. 2024ರಲ್ಲಿ ಘಾನಾ, ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟು ದರ ಟನ್ನಿಗೆ 10,000 ಡಾಲರ್ ದಾಟಿತು. ಖಾಸಗಿಯವರ ಪಿಕಪ್ ನಮ್ಮ ಅಂಗಳಕ್ಕೇ ಬಂತು, ಕಿಲೋಗೆ ಹತ್ತು ರೂಪಾಯಿ ಜಾಸ್ತಿ. ಸುಳ್ಳು ಯಾಕೆ ಹೇಳಲಿ, ನಾನೂ ಎರಡು ಸಲ ಅವರಿಗೇ ಕೊಟ್ಟೆ. ಆಮೇಲೆ ದರ ಇಳಿಯಿತು, ಪಿಕಪ್ ಈ ಕಡೆ ತಲೆ ಹಾಕಲಿಲ್ಲ. ಮತ್ತೆ ಸಂಘದ ತಕ್ಕಡಿ ಮುಂದೆ ನಿಂತಾಗ ತೂಕ ಮಾಡುವವರು ಬರೀ ನಕ್ಕು, "ಚೀಲ ಇಡಿ ಭಾವ" ಎಂದರು.