ಕೊನೆಯ ಬಸ್ಸಿಗೆ ಮೊದಲು ಮುಗಿಯಬೇಕಾದ ಓದು: ಸಣ್ಣ ಪ್ರಕಾಶನವೊಂದು ವಾಚನ ಸಂಜೆ ನಡೆಸುವ ಬಗೆ

ಮಲೆನಾಡಿನ ಊರೊಂದರಲ್ಲಿ ಸಾಹಿತ್ಯ ವಾಚನದ ಸಂಜೆಯನ್ನು ಏರ್ಪಡಿಸಲು ಹೊರಟವರು ಮೊದಲು ಬಸ್ ನಿಲ್ದಾಣಕ್ಕೆ ಹೋಗಿ, ಸುತ್ತಲಿನ ಹಳ್ಳಿಗಳಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ವಿಚಾರಿಸಿಕೊಂಡು ಬರಬೇಕು. ಸಭಾಂಗಣ, ಅತಿಥಿ, ಆಹ್ವಾನ ಪತ್ರಿಕೆಗಳೆಲ್ಲ ಆಮೇಲಿನ ಮಾತು. ಕೊನೆಯ ಬಸ್ಸು ಎಂಟೂವರೆಗೆ ಇದ್ದರೆ ಏಳೂ ಮುಕ್ಕಾಲಿಗೆ ಓದು ಮುಗಿದಿರಬೇಕು. ಪುಸ್ತಕ ಕೊಳ್ಳುವುದಕ್ಕೆ, ಲೇಖಕರೊಡನೆ ನಾಲ್ಕು ಮಾತಾಡುವುದಕ್ಕೆ ಅರ್ಧ ಗಂಟೆಯಾದರೂ ಉಳಿಯಬೇಕು. ಹೀಗೆ ಹಿಂದಿನಿಂದ ಲೆಕ್ಕ ಹಾಕುತ್ತ ಬಂದರೆ ಐದೂವರೆಗೆ ಆರಂಭಿಸದೆ ಬೇರೆ ದಾರಿಯಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ನಮ್ಮ ಪ್ರಕಾಶನ ನಡೆಸಿದ ಮೊದಲ ಸಂಜೆಯಲ್ಲಿ ನಾವು ಈ ಲೆಕ್ಕ ಹಾಕಿರಲಿಲ್ಲ. ಐದೂವರೆಗೆಂದು ಅಚ್ಚು ಹಾಕಿಸಿದ ಕಾರ್ಯಕ್ರಮ ಆರೂ ಇಪ್ಪತ್ತಕ್ಕೆ ಶುರುವಾಯಿತು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷರ ನುಡಿಗಳೆಲ್ಲ ಮುಗಿದು, ಕವಿಯೊಬ್ಬರು ಕನ್ನಡಕ ಹಾಕಿಕೊಂಡು ಹಾಳೆ ಬಿಡಿಸುವ ಹೊತ್ತಿಗೆ ಏಳೂ ಮೂವತ್ತೈದಾಗಿತ್ತು. ಎರಡನೆಯ ಕವಿತೆಯ ನಡುವೆ ಹಿಂದಿನ ಮೂರು ಸಾಲಿನವರು ಕೊಡೆ ಎತ್ತಿಕೊಂಡು ಎದ್ದರು. ಕವಿ ತಲೆಯೆತ್ತಿ ನೋಡಿದರು, ಮತ್ತೆ ಅದೇ ಸಾಲನ್ನು ಮೊದಲಿನಿಂದ ಓದಿದರು. ಆ ಸಾಲು ಈಗಲೂ ನನಗೆ ಬಾಯಿಪಾಠವಿದೆ.

ಹಸ್ತಪ್ರತಿಯಲ್ಲಿ ಇಪ್ಪತ್ತು ಪುಟ ಹೆಚ್ಚಾಗಿದೆ ಎನ್ನಿಸಿದರೆ ದಾಕ್ಷಿಣ್ಯವಿಲ್ಲದೆ ಕತ್ತರಿ ಹಾಕುವ ಪ್ರಕಾಶಕರು, ವೇದಿಕೆಯ ಮೇಲೆ ಮಾತ್ರ ಹತ್ತು ನಿಮಿಷದ ಭಾಷಣವೊಂದನ್ನು ತಡೆಯಲಾರದೆ ಕೈಕಟ್ಟಿ ಕೂರುತ್ತಾರೆ. ವಾಚನದ ಸಂಜೆಯೂ ನೀವು ಹೊರತರುತ್ತಿರುವ ಒಂದು ಪುಸ್ತಕವೇ ಎಂದು ತಿಳಿದು, ಅದನ್ನು ಸಂಪಾದಿಸುವ ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡದಿದ್ದರೆ ಅರ್ಧ ಕೆಲಸ ಆದಂತೆ.

ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ತೋಟವನ್ನು ನೋಡಬೇಕು. ಆರಿದ್ರಾದಿಂದ ಆಶ್ಲೇಷಾದವರೆಗಿನ ಮಳೆಯಲ್ಲಿ, ಅದರಲ್ಲೂ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆಯಿಂದ ಜನ ಬರಲಿ ಎಂದು ಬಯಸುವುದು ಅನ್ಯಾಯ. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು. ಹಗಲು ಕೊನೆ (ಅಡಿಕೆ ಗೊನೆ) ಇಳಿಸಿ ರಾತ್ರಿ ಸುಲಿಯಲು ಕೂರುವ ಮನೆಯವರು ಕಥೆ ಕೇಳಲು ಪೇಟೆಗೆ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳನ್ನು ಮದುವೆ, ಉಪನಯನ, ಗೃಹಪ್ರವೇಶಗಳು ನುಂಗಿಕೊಳ್ಳುತ್ತವೆ. ಉಳಿಯುವುದು ದಸರೆಯ ನಂತರದ ಕೆಲವು ವಾರಗಳು ಮತ್ತು ಫೆಬ್ರವರಿ. ಅಲ್ಲಿಯೂ ಎರಡು ಎಚ್ಚರಿಕೆಗಳಿವೆ. ಹೆಗ್ಗೋಡಿನ ನೀನಾಸಮ್ ಅಕ್ಟೋಬರಿನಲ್ಲಿ ಸಂಸ್ಕೃತಿ ಶಿಬಿರ ನಡೆಸುವ ದಿನಗಳಲ್ಲಿ ಸಾಗರ ಸೀಮೆಯ ಓದುಗರೆಲ್ಲ ಅಲ್ಲಿಯೇ ಇರುತ್ತಾರೆ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ಉಳಿದ ಯಾವ ಕಾರ್ಯಕ್ರಮಕ್ಕೂ ಎಡೆಯಿರುವುದಿಲ್ಲ. ಅದೇ ರಾತ್ರಿ ಹತ್ತಿರದಲ್ಲಿ ಯಕ್ಷಗಾನ ಮೇಳದ ಆಟವಿದೆಯೇ ಎಂಬುದನ್ನೂ ಕೇಳಿಕೊಳ್ಳಿ. ಇದ್ದರೆ ದಿನ ಬದಲಿಸಿ, ಭಾಗವತರೊಡನೆ ಪೈಪೋಟಿ ಬೇಡ.

ಸ್ಥಳದ ವಿಷಯದಲ್ಲಿ ದೊಡ್ಡದರ ಆಸೆ ಬಿಡಬೇಕು. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರದಂಥ ದೊಡ್ಡ ಜಾಗದಲ್ಲಿ ಎಪ್ಪತ್ತು ಜನ ಕೂತರೆ ಸಭೆ ಖಾಲಿ ಎಂದೇ ಕಾಣುತ್ತದೆ. ಅದೇ ಎಪ್ಪತ್ತು ಜನ ಒಂದು ಶಾಲೆಯ ಹಾಲಿನಲ್ಲೋ ಸಹಕಾರ ಸಂಘದ ಮಹಡಿಯಲ್ಲೋ ಕೂತರೆ ತುಂಬಿದ ಸಭೆ. ತೋಟದ ಮನೆಯ ಅಂಗಳ ಸಿಕ್ಕರೆ ಇನ್ನೂ ಒಳ್ಳೆಯದು, ಅಡಿಕೆ ಒಣಗಿಸಲು ಹಾಕಿದ ಚಪ್ಪರದ ಕೆಳಗೆ ಜಮಖಾನ ಹಾಸಿದರೆ ಸಾಕು. ಆದರೆ ಜಾಗ ನೋಡಲು ಹೋದಾಗ ಕುರ್ಚಿ ಎಣಿಸುವುದಕ್ಕೆ ಮೊದಲು ತಲೆಯೆತ್ತಿ ಮಾಡನ್ನು ನೋಡಿ. ಹಂಚಿನ ಮಾಡಿನ ಕೆಳಗೆ ಸಾಧಾರಣ ಮಳೆಯಲ್ಲೂ ಓದು ಕೇಳಿಸುತ್ತದೆ, ಎಷ್ಟೋ ಬಾರಿ ಓದಿಗೆ ಅದೊಂದು ಹಿಮ್ಮೇಳವೂ ಆಗುತ್ತದೆ. ತಗಡಿನ ಶೀಟಿನ ಕೆಳಗೆ ಹತ್ತು ನಿಮಿಷದ ಅಕಾಲ ಮಳೆ ಬಂದರೂ ಮೈಕಿನಲ್ಲಿ ಕೂಗಿದ್ದು ಮೂರನೆಯ ಸಾಲಿಗೆ ತಲುಪುವುದಿಲ್ಲ. ದಸರೆಯ ನಂತರವೂ ಸಂಜೆ ಗುಡುಗಿ ಸುರಿಯುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಓದುವವರನ್ನು ಆರಿಸುವುದು ಇಡೀ ಕೆಲಸದಲ್ಲಿ ಹೆಚ್ಚು ಕಷ್ಟದ್ದು, ಹೆಚ್ಚು ಸಂತೋಷದ್ದು ಸಹ. ಒಂದೂವರೆ ಗಂಟೆಯ ಓದಿಗೆ ನಾಲ್ವರು ಸಾಕು, ಐವರಾದರೆ ಒಬ್ಬರು ಹೆಚ್ಚು. ಹತ್ತು ಹನ್ನೆರಡು ಕವಿಗಳನ್ನು ಸಾಲಾಗಿ ಕೂರಿಸಿ ತಲಾ ಒಂದು ಕವಿತೆ ಓದಿಸುವ ಕವಿಗೋಷ್ಠಿಯಲ್ಲಿ ಯಾರ ದನಿಯೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಮೊದಲು ಓದಿದವರು ನಡುವೆಯೇ ಎದ್ದು ಹೋಗಿರುತ್ತಾರೆ. ಚೆನ್ನಾಗಿ ಬರೆಯುವವರೆಲ್ಲ ಚೆನ್ನಾಗಿ ಓದುತ್ತಾರೆಂಬ ನಂಬಿಕೆಯನ್ನೂ ಇಟ್ಟುಕೊಳ್ಳಬಾರದು. ಲೇಖಕರು ಒಪ್ಪುವುದಾದರೆ ಊರಿನ ರಂಗ ತಂಡದ ನಟಿಯೊಬ್ಬರಿಂದ ಓದಿಸಬಹುದು. ಆದರೆ ಅಭಿನಯ ಬೇಡ, ಓದು ಮಾತ್ರ ಸಾಕು ಎಂದು ಮೊದಲೇ ಹೇಳಿಬಿಡಬೇಕು. ಕಥೆಗಾರರಿಗೆ ಇಪ್ಪತ್ತು ನಿಮಿಷ ಕೊಟ್ಟರೆ ಅವರು ನಲವತ್ತು ನಿಮಿಷದ ಕಥೆ ತರುತ್ತಾರೆ. ಡೆಮಿ ಅಷ್ಟದಳ ಆಕಾರದ (ಸಾಮಾನ್ಯ ಕಥೆ, ಕಾದಂಬರಿ ಪುಸ್ತಕಗಳ ಅಳತೆ) ಒಂದು ಪುಟವನ್ನು ಅವಸರವಿಲ್ಲದೆ ಓದಲು ಎರಡೂವರೆಯಿಂದ ಮೂರು ನಿಮಿಷ ಬೇಕೆಂಬುದು ನಮ್ಮ ಅನುಭವ. ಆ ಲೆಕ್ಕದಲ್ಲಿ ಇಪ್ಪತ್ತು ನಿಮಿಷಕ್ಕೆ ಏಳು ಪುಟ. ಯಾವ ಏಳು ಪುಟ ಎಂಬುದನ್ನು ಲೇಖಕರೊಡನೆ ಕೂತು ವಾರ ಮೊದಲೇ ತೀರ್ಮಾನಿಸಿ, ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿಸಿ ನೋಡಬೇಕು. ಕಾದಂಬರಿಯ ಕೊನೆಯ ಅಧ್ಯಾಯವನ್ನು ಆರಿಸಬೇಡಿ. ಕೇಳಿದವರಿಗೆ ಮುಂದೇನಾಯಿತೆಂಬ ಕುತೂಹಲ ಉಳಿದರೆ ಪುಸ್ತಕ ಕೊಳ್ಳುತ್ತಾರೆ.

ಪುಸ್ತಕ ಹಿಡಿದು ಓದುವುದು ನೋಡಲು ಚೆಂದ, ಆದರೆ ಮಂದ ಬೆಳಕಿನಲ್ಲಿ ಹನ್ನೊಂದು ಪಾಯಿಂಟಿನ ಅಕ್ಷರ ಯಾರಿಗೂ ಕಾಣುವುದಿಲ್ಲ. ಓದುವ ಭಾಗವನ್ನು ಹದಿನಾರು ಪಾಯಿಂಟಿನಲ್ಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು, ಹಾಳೆಯ ಒಂದೇ ಬದಿಗೆ ಮುದ್ರಿಸಿ ಪುಟಸಂಖ್ಯೆ ಹಾಕಿ ಕೊಡಿ. ವಾಕ್ಯವೊಂದು ಹಾಳೆಯ ಕೊನೆಯಲ್ಲಿ ತುಂಡಾಗದಂತೆ ನೋಡಿಕೊಳ್ಳಿ. ‘ನುಡಿ’ ತಂತ್ರಾಂಶದಲ್ಲಿರುವ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸಿ ಪ್ರಿಂಟ್ ತೆಗೆಯುವುದಾದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಟ್ಟಿರುತ್ತವೆ, ಕಣ್ಣಿಟ್ಟು ಕರಡು ತಿದ್ದಬೇಕು. ವೇದಿಕೆಯ ಮೇಲೆ ‘ಸೂರ್ಯ’ ಓದಲಾಗದೆ ತಡವರಿಸಿದ ಕವಿಯೊಬ್ಬರು ನಮ್ಮನ್ನು ಕ್ಷಮಿಸಲು ಒಂದು ವರ್ಷ ತೆಗೆದುಕೊಂಡರು.

ಬರಿಯ ಓದನ್ನು ಜನ ಒಂದೂವರೆ ಗಂಟೆ ಕೇಳಿಯಾರೇ ಎಂದು ಅಳುಕುವವರು ತುಂಗೆಯ ದಡದ ಹೊಸಹಳ್ಳಿಯನ್ನು ನೆನೆಯಬೇಕು. ಗಮಕಕ್ಕೆ ಹೆಸರಾದ ಆ ಊರಿನ ಪರಂಪರೆಯಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕೇಳುವವನ ಮನಸ್ಸು ಪದ್ಯದ ಬಿಗಿಯಿಂದ ಒಂದು ಕ್ಷಣ ಸಡಿಲಾಗಿ ಮತ್ತೆ ಪದ್ಯಕ್ಕೆ ಸಿದ್ಧವಾಗುತ್ತದೆ. ಹೊಸ ಸಾಹಿತ್ಯದ ವಾಚನಕ್ಕೂ ಈ ಕ್ರಮ ಒಪ್ಪುತ್ತದೆ. ಎರಡು ಓದುಗಳ ನಡುವೆ ಲೇಖಕರೇ ಮೂರು ನಿಮಿಷ ಆ ಬರಹದ ಹಿನ್ನೆಲೆಯನ್ನು ಹೇಳಲಿ. ಮೂರು ನಿಮಿಷ ಎಂದರೆ ಮೂರೇ ನಿಮಿಷ. ವ್ಯಾಖ್ಯಾನ ಉದ್ದವಾಗಿ ಪದ್ಯ ಮರೆತುಹೋಗುವ ಅಪಾಯ ಗಮಕದಲ್ಲೂ ಉಂಟು.

ನಿಮ್ಮದೇ ಪ್ರಕಾಶನದ ಲೇಖಕರು ತಮ್ಮ ಬರಹವನ್ನು ಓದುವಾಗ ಅನುಮತಿಯ ಪ್ರಶ್ನೆ ಏಳುವುದಿಲ್ಲ. ತೀರಿಕೊಂಡ ಹಿರಿಯರೊಬ್ಬರ ಕೃತಿಯನ್ನು ಓದಿಸುವ ಮನಸ್ಸಿದ್ದರೆ ಸ್ವಲ್ಪ ಯೋಚಿಸಬೇಕು. ಪ್ರಕಟವಾದ ಕೃತಿಯ ಮಿತವಾದ ಭಾಗವನ್ನು ಸಭೆಯಲ್ಲಿ ಓದುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಇಡೀ ಕಥೆಯನ್ನು ಓದುವುದು, ಓದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದು ಬೇರೆಯೇ ಮಾತು. ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ವಾರಸುದಾರರಲ್ಲಿ ಇರುತ್ತದೆ, ಅನುವಾದವಾದರೆ ಅನುವಾದಕರ ಹಕ್ಕೂ ಜೊತೆಗಿದೆ. ಒಂದು ಪತ್ರ ಬರೆದರೆ ಹೆಚ್ಚಿನ ಮನೆಯವರು ಸಂತೋಷದಿಂದ ಒಪ್ಪುತ್ತಾರೆ. ಅವರನ್ನು ಸಭೆಗೂ ಕರೆಯಿರಿ.

ಮೈಕು ಬಾಡಿಗೆಗೆ ಕೊಡುವವರಿಗೆ ಇದು ಆರ್ಕೆಸ್ಟ್ರಾ ಅಲ್ಲವೆಂದು ತಿಳಿಸಿ ಹೇಳಿ, ಎಕೋ ತೆಗೆಸಿ. ಎಪ್ಪತ್ತು ಜನರ ಹಾಲಿಗೆ ಒಂದು ಮೈಕು, ಒಂದು ಸ್ಪೀಕರು ಸಾಕು. ಬಯಲಿನಲ್ಲಿ ನಡೆಸುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಅನುಮತಿ ಪಡೆಯಬೇಕು. ಕರೆಂಟು ಹೋಗಿಯೇ ಹೋಗುತ್ತದೆ ಎಂದು ನಂಬಿ, ಯುಪಿಎಸ್ ಇದ್ದರೂ ಓದುವ ಮೇಜಿನ ಮೇಲೆ ಚಾರ್ಜ್ ಮಾಡಿದ ದೀಪವೊಂದನ್ನು ಇಟ್ಟಿರಬೇಕು. ಒಮ್ಮೆ ಕರೆಂಟು ಹೋಗಿ ಮೈಕು ಸತ್ತಾಗ ನಮ್ಮ ಕಥೆಗಾರ್ತಿ ಓದು ನಿಲ್ಲಿಸಲಿಲ್ಲ, ಹಿಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು ಮುಂದೆ ಬಂದು ಸುತ್ತ ಕೂತರು; ಕರೆಂಟು ಬಂದ ಮೇಲೂ ಮೈಕು ಬೇಡವೆಂದರು.

ಆಹ್ವಾನ ಪತ್ರಿಕೆಯಲ್ಲಿ ‘ಘನ ಉಪಸ್ಥಿತಿ’ ಎಂಬ ಸಾಲು ಹಾಕಿದಿರೋ, ಹೆಸರುಗಳ ಹಿಂದುಮುಂದಿನ ಜಗಳ ಶುರುವಾಗುತ್ತದೆ. ಓದುವವರ ಹೆಸರು, ಅವರು ಓದುವ ಬರಹದ ಹೆಸರು, ಸ್ಥಳ, ಆರಂಭದ ಹೊತ್ತು, ಮುಗಿಯುವ ಹೊತ್ತು ಇಷ್ಟೇ ಇರಲಿ. ಮುಗಿಯುವ ಹೊತ್ತನ್ನು ಅಚ್ಚು ಹಾಕಿಸಿದರೆ ದೂರದವರು ಧೈರ್ಯವಾಗಿ ಬರುತ್ತಾರೆ. ಹಿರಿಯರನ್ನು ಗೌರವಿಸಲೇಬೇಕೆಂದಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸಿ, ನಿಮ್ಮ ಪುಸ್ತಕವೊಂದನ್ನು ಕೈಗಿತ್ತು ನಮಸ್ಕರಿಸಿ. ಹಾರ, ಶಾಲು, ನೆನಪಿನ ಕಾಣಿಕೆಗಳ ಹಣದಲ್ಲಿ ಓದಿದವರಿಗೆ ಬಸ್ಸಿನ ಖರ್ಚನ್ನಾದರೂ ಕೊಡಬಹುದು. ಸ್ವಾಗತವನ್ನೂ ವಂದನೆಯನ್ನೂ ಒಬ್ಬರೇ, ಎರಡೆರಡು ನಿಮಿಷದಲ್ಲಿ ಮುಗಿಸಲಿ. ಸ್ಥಳೀಯ ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ಕ್ಕೆ ಒಂದು ದಿನ ಮುಂಚೆ ವಿವರ ತಲುಪಿಸಿ. ವಾಟ್ಸ್‌ಆ್ಯಪ್ ಕಳಿಸಿದರೆ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ, ಬರುವುದು ಮಾತ್ರ ನೀವು ಫೋನು ಮಾಡಿ ಕರೆದವರು.

ಪುಸ್ತಕದ ಮೇಜು ಬಾಗಿಲ ಬಳಿ, ಬೆಳಕು ಬೀಳುವಲ್ಲಿ ಇರಲಿ. ಅಲ್ಲಿ ಕೂರುವವರು ಆ ಪುಸ್ತಕಗಳನ್ನು ಓದಿರಬೇಕು. ನಮ್ಮ ಹವೆಯಲ್ಲಿ ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿದ ರಕ್ಷಾಪುಟ ಒಳಬದಿಯಿಂದ ತೇವ ಹೀರಿಕೊಂಡು ಸುರುಳಿಯೇಳುತ್ತದೆ, ಮಳೆಗಾಲ ಕಳೆದ ಪ್ರತಿಗಳಲ್ಲಿ ಬೂಷ್ಟಿನ ಚುಕ್ಕೆಯೂ ಇರಬಹುದು. ಹಿಂದಿನ ದಿನವೇ ಕಟ್ಟು ಬಿಚ್ಚಿ, ಒರೆಸಿ, ಭಾರ ಹೇರಿ ಇಟ್ಟರೆ ಮೇಜಿನ ಮೇಲೆ ಮರ್ಯಾದೆ ಉಳಿಯುತ್ತದೆ. ಕ್ಯೂಆರ್ ಕೋಡ್ ಇಟ್ಟರೂ ನೆಟ್‌ವರ್ಕ್ ನಂಬದೆ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ತಂದುಕೊಳ್ಳಿ, ರಸೀದಿ ಪುಸ್ತಕವೂ ಇರಲಿ. ಲೆಕ್ಕ ಹೀಗೆ ನೋಡಬಹುದು: 150 ರೂಪಾಯಿ ಬೆಲೆಯ ಪುಸ್ತಕವನ್ನು ಶೇ. 20 ರಿಯಾಯಿತಿಯಲ್ಲಿ 40 ಪ್ರತಿ ಮಾರಿದರೆ 4,800 ರೂಪಾಯಿ ಬರುತ್ತದೆ. ಪ್ರತಿಯೊಂದಕ್ಕೆ ಮುದ್ರಣದ ಖರ್ಚು 65 ರೂಪಾಯಿ ಎಂದಿಟ್ಟುಕೊಂಡರೆ 2,600, ಮುಖಬೆಲೆಯ ಮೇಲೆ ಶೇ. 10ರಂತೆ ಗೌರವಧನ 600 ಕಳೆದು 1,600 ಉಳಿಯುತ್ತದೆ. ಎಂಬತ್ತು ಜನರಿಗೆ ಕಾಫಿ, ಕಷಾಯ, ಮಂಡಕ್ಕಿಗೆ ತಲಾ ಇಪ್ಪತ್ತು ರೂಪಾಯಿ ಹಿಡಿದರೆ ಅದೂ ಖಾಲಿ. ಹಾಲಿನ ಬಾಡಿಗೆಯನ್ನು ಬೇರೆಲ್ಲಿಂದಲೋ ಹೊಂದಿಸಬೇಕು. ಆದ್ದರಿಂದ ಬಾಡಿಗೆಯಿಲ್ಲದ ಜಾಗ ಹುಡುಕಿ, ಪ್ರಾಯೋಜಕರನ್ನು ಹುಡುಕಬೇಡಿ. ಪ್ರಾಯೋಜಕರು ಬಂದರೆ ಅವರ ಬ್ಯಾನರೂ ಭಾಷಣವೂ ಹಿಂದೆಯೇ ಬರುತ್ತವೆ.

ತಿಂಡಿಯನ್ನು ಓದಿಗೆ ಮೊದಲು ಕೊಡಬೇಕು. ಐದಕ್ಕೆ ಕಷಾಯ ಸಿಗುತ್ತದೆಂದು ಗೊತ್ತಾದರೆ ಜನ ಐದಕ್ಕೇ ಬರುತ್ತಾರೆ, ಐದೂವರೆಗೆ ಓದು ಆರಂಭಿಸಲು ಇದಕ್ಕಿಂತ ಸುಲಭದ ಉಪಾಯ ನಮಗೆ ಸಿಕ್ಕಿಲ್ಲ. ಓದು ನಡೆಯುವಾಗ ಲೋಟದ ತಟ್ಟೆ ಹಿಡಿದು ಸಾಲುಗಳ ನಡುವೆ ಓಡಾಡುವವರನ್ನು ಬಾಗಿಲಲ್ಲೇ ತಡೆಯಿರಿ.

ಎಲ್ಲ ಮುಗಿದ ರಾತ್ರಿಯೇ ಉಳಿದ ಪ್ರತಿಗಳನ್ನು ಎಣಿಸಿ, ಮಾರಿದ್ದೆಷ್ಟು ಎಂದು ಲೇಖಕರಿಗೆ ಬರೆದು ತಿಳಿಸಿ, ಮೈಕಿನವರ ಬಾಕಿ ತೀರಿಸಿ. ಮೇಜಿನ ಮೇಲೆ ಇಟ್ಟಿದ್ದ ಪುಸ್ತಕದಲ್ಲಿ ಬಂದವರು ಬರೆದ ಹೆಸರು, ಊರುಗಳನ್ನು ಮರುದಿನ ಬೇರೆ ಮಾಡಿಕೊಳ್ಳಬೇಕು. ಒಂದೇ ದಾರಿಯಿಂದ ಏಳೆಂಟು ಜನ ಬಂದಿದ್ದರೆ ಮುಂದಿನ ಸಂಜೆಯನ್ನು ಆ ದಾರಿಯ ಊರಿನಲ್ಲೇ ಇಟ್ಟುಕೊಳ್ಳಬಹುದು; ಆಗ ಬಸ್ಸು ಹಿಡಿಯುವ ಸರದಿ ನಿಮ್ಮದು.