"ಅಮೆರಿಕದ್ದೇ ಮಾರಾಯ": ಒಂದು ಹಳೆ ಸ್ಟ್ರಾಟ್ ಗಿಟಾರ್ ಬಿಚ್ಚಿದ ಕಥೆ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಮೂರು ಫೋಟೋ ಕಳಿಸಿದ. ಕಪ್ಪು ಬಣ್ಣದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್, ಅಂದರೆ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್, ಚಿಕ್ಕದಾಗಿ ಸ್ಟ್ರಾಟ್. ಮಂಗಳೂರಿನಲ್ಲಿದೆ, ತೊಂಬತ್ತು ಸಾವಿರ ಹೇಳ್ತಿದ್ದಾರೆ, ಎಂಬತ್ತರ ದಶಕದ ಅಮೆರಿಕನ್ ಅಂತೆ. ನನ್ನದು ಬೆಂಗಳೂರಿನಲ್ಲಿ ಬೇರೆ ಕೆಲಸ, ಆದರೆ ಭಾನುವಾರ ಬಂದರೆ ಯಾರದ್ದಾದರೂ ಗಿಟಾರ್ ಬಿಚ್ಚಿ ಕೂತಿರುತ್ತೇನೆ. "ಅಂತೆ" ಅನ್ನೋ ಪದ ಕೇಳಿದರೆ ಕೈ ತುರಿಸುತ್ತದೆ.

ಫೋಟೋದಲ್ಲೇ ಒಂದಿಷ್ಟು ಗೊತ್ತಾಗುತ್ತದೆ. ಮೊದಲು ಫ್ರೆಟ್, ಅಂದರೆ ನೆಕ್ (ಗಿಟಾರಿನ ಕುತ್ತಿಗೆ) ಮೇಲಿನ ಅಡ್ಡ ಲೋಹದ ಪಟ್ಟಿಗಳನ್ನು ಎಣಿಸಿದೆ, 21. ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್‌ನ ಮುಂದಿನ ಸ್ಕ್ರೂ ಎಣಿಸಿದೆ, ಆರು. 1987ರ ಹೊತ್ತಿಗೆ ಬಂದ ಅಮೆರಿಕನ್ ಸ್ಟ್ಯಾಂಡರ್ಡ್ ಆಗಿದ್ದರೆ 22 ಫ್ರೆಟ್ ಇರಬೇಕು, ಬ್ರಿಡ್ಜ್ ಎರಡೇ ಕಂಬದ ಮೇಲೆ ನಿಂತಿರಬೇಕು. ಹಾಗಂತ 21 ಫ್ರೆಟ್ ಇದ್ದ ಕೂಡಲೇ ಅಮೆರಿಕದ್ದಲ್ಲ ಅಂತಲೂ ಹೇಳೋಕಾಗಲ್ಲ. ಎಂಬತ್ತರ ಶುರುವಿನ ಗಿಟಾರುಗಳಲ್ಲಿ 21 ಇತ್ತು, ಹಳೆ ಮಾದರಿಯನ್ನೇ ಮತ್ತೆ ಮಾಡಿದ ಅಮೆರಿಕನ್ ವಿಂಟೇಜ್ ಸಾಲಿನಲ್ಲೂ ಇತ್ತು. ಆದರೆ ಆ ವಿಂಟೇಜ್ ಸಾಲಿನಲ್ಲಿ ಹಿಂದಿನ ನೆಕ್ ಪ್ಲೇಟ್ (ನೆಕ್ ಮತ್ತು ದೇಹ ಸೇರುವಲ್ಲಿನ ಲೋಹದ ತಗಡು) ಮೇಲೆ 'ವಿ' ಅಕ್ಷರದ ನಂಬರ್ ಇರುತ್ತದೆ, ಇದರಲ್ಲಿ ಇರಲಿಲ್ಲ. ಎಂಬತ್ತರ ಮಾಮೂಲಿ ಅಮೆರಿಕನ್ ಆಗಿದ್ದರೆ ಹೆಡ್‌ಸ್ಟಾಕಿನ (ತಂತಿ ಬಿಗಿಯುವ ಗೂಟಗಳಿರುವ ತಲೆ) ಎದುರಿಗೆ 'ಇ' ಇಂದ ಶುರುವಾಗುವ ನಂಬರ್ ಕಾಣಬೇಕಿತ್ತು, ಅದೂ ಇಲ್ಲ. ಹೆಡ್‌ಸ್ಟಾಕಿನ ಹಿಂದಿನ ಫೋಟೋ ಕಳಿಸಿ ಅಂದರೆ ಬಂದದ್ದು ಒಂದು ಮಾಸಿದ ಸ್ಟಿಕ್ಕರಿನ ಚಿತ್ರ.

ರಾತ್ರಿ ಬಸ್ ಹತ್ತಿದೆ.

ಮಾಲೀಕರು ಗಲ್ಫ್‌ನಲ್ಲಿ ದುಡಿದು ನಿವೃತ್ತರಾದವರು, ಚರ್ಚ್ ಬ್ಯಾಂಡ್‌ನಲ್ಲಿ ವರ್ಷಗಟ್ಟಲೆ ನುಡಿಸಿದವರು. "89ರಲ್ಲಿ ದುಬೈಯಿಂದ ತಂದದ್ದು, ಅಮೆರಿಕದ್ದೇ ಮಾರಾಯ" ಅಂದರು. ನಾನು ಸ್ಕ್ರೂಡ್ರೈವರ್ ತೆಗೆದಾಗ ಮುಖ ಸಣ್ಣದಾಯಿತು. "ಬಿಚ್ಚಿ ಎಲ್ಲ ನೋಡ್ಲಿಕ್ಕುಂಟಾ?" ಅಂಕಲ್, ನಿಮ್ಮ ಎದುರೇ ಬಿಚ್ಚಿ ನಿಮ್ಮ ಎದುರೇ ಜೋಡಿಸ್ತೇನೆ ಅಂತ ಒಪ್ಪಿಸಿದೆ. ಇದು ಮುಖ್ಯ. ಕೇಳದೆ ಬೇರೆಯವರ ಗಿಟಾರಿಗೆ ಸ್ಕ್ರೂಡ್ರೈವರ್ ಹಚ್ಚಬಾರದು.

ಮೊದಲು ಸ್ಟಿಕ್ಕರ್. ಅವರ ಮನೆಯ ಹೇರ್ ಡ್ರೈಯರಿನಿಂದ ಮೆಲ್ಲಗೆ ಬಿಸಿ ಮಾಡಿದರೆ ಅಂಟು ಬಿಟ್ಟುಕೊಂಡಿತು. ಅಡಿಯಲ್ಲಿ 'ಎಂಎನ್5' ಅಂತ ಶುರುವಾಗುವ ನಂಬರ್, ಅದರ ಕೆಳಗೆ 'ಮೇಡ್ ಇನ್ ಮೆಕ್ಸಿಕೋ'. ಅವರು ಮೋಸ ಮಾಡಿದ್ದಲ್ಲ, ಪಾಪ, ಅಂಗಡಿಯವನು ಹಚ್ಚಿದ ಸ್ಟಿಕ್ಕರನ್ನು ಇಷ್ಟು ವರ್ಷ ಯಾರೂ ಕಿತ್ತಿರಲಿಲ್ಲ ಅಷ್ಟೆ.

ಇದನ್ನು ಓದುವುದು ಸುಲಭ. 'ಎಂ' ಅಂದರೆ ಮೆಕ್ಸಿಕೋ, ಎನ್ಸೆನಾಡಾ ಊರಿನ ಕಾರ್ಖಾನೆ. 'ಎನ್' ಅಂದರೆ ತೊಂಬತ್ತರ ದಶಕ, 5 ಅಂದರೆ 1995. 'ಎಂ' ಇಲ್ಲದೆ ಬರೀ 'ಎನ್5' ಇದ್ದಿದ್ದರೆ ಅಮೆರಿಕ, ಅಂದರೆ ಕ್ಯಾಲಿಫೋರ್ನಿಯಾದ ಕರೋನಾ (ಹೌದು, ಊರಿನ ಹೆಸರೇ ಅದು). ಎಪ್ಪತ್ತರ ದಶಕಕ್ಕೆ 'ಎಸ್', ಎಂಬತ್ತಕ್ಕೆ 'ಇ', 2000ದ ದಶಕಕ್ಕೆ 'ಝಡ್'. ಆದರೆ ಇಷ್ಟಕ್ಕೇ ನಿಂತರೆ ತಪ್ಪಾಗುತ್ತದೆ. ನಂಬರಿನ ಚೀಟಿಗಳನ್ನು ಮೊದಲೇ ಅಚ್ಚು ಹಾಕಿಸಿಟ್ಟುಕೊಂಡು ಮುಗಿಯುವವರೆಗೂ ಅಂಟಿಸುತ್ತಿದ್ದರು. 1990ರಲ್ಲಿ ಮಾಡಿದ ಅಮೆರಿಕನ್ ಗಿಟಾರುಗಳ ಮೇಲೆ 'ಎನ್9' ಅಂತ ತಪ್ಪಾಗಿ ಅಚ್ಚಾಗಿ ಹೋದ ಚೀಟಿಗಳೂ ಇವೆ, ನೋಡಿದವರು 1999 ಅಂದುಕೊಳ್ಳುತ್ತಾರೆ. ಇನ್ನೊಂದು ಅಮೆರಿಕನ್ ಗಿಟಾರ್ ಕಂಪನಿ ಗಿಬ್ಸನ್‌ದು ಇನ್ನೂ ಅಚ್ಚುಕಟ್ಟು. 1977ರಿಂದ 2005ರ ತನಕದ ಎಂಟಂಕಿಯ ನಂಬರಿನಲ್ಲಿ ಒಂದನೇ ಮತ್ತು ಐದನೇ ಅಂಕಿ ವರ್ಷ, ನಡುವಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನೋದು. 82765501 ಅಂದರೆ 1985ರ 276ನೇ ದಿನ, ಅಕ್ಟೋಬರ್ 3. ಕೆಲವು ಮಾದರಿಗಳನ್ನು ಬಿಟ್ಟರೆ ಇದು ನಡೆಯುತ್ತದೆ. ಫೆಂಡರ್‌ನಲ್ಲಿ ಅಷ್ಟು ಸುಖ ಇಲ್ಲ, ನೆಕ್ ಬಿಚ್ಚಲೇಬೇಕು.

ತಂತಿ ಸಡಿಲ ಮಾಡಿ, ಮೊದಲ ಫ್ರೆಟ್ಟಿಗೆ ಕ್ಯಾಪೋ (ತಂತಿ ಅದುಮಿ ಹಿಡಿಯುವ ಕ್ಲಿಪ್) ಹಾಕಿದೆ. ಹಾಗೆ ಮಾಡಿದರೆ ತಂತಿಗಳು ಗೂಟದಿಂದ ಬಿಚ್ಚಿಕೊಂಡು ಗೋಜಲಾಗುವುದಿಲ್ಲ. ನಾಲ್ಕು ಸ್ಕ್ರೂ. ಒಂದಕ್ಕೆ ತುಕ್ಕು ಹಿಡಿದು ಕಿರ್ ಅಂದಿತು, ಸಮುದ್ರದ ಗಾಳಿ. ನೆಕ್ಕಿನ ಬುಡದಲ್ಲಿ ಶಾಯಿಯ ಮುದ್ರೆ: 1996ರ ಜನವರಿ. ಚೀಟಿ 95ರದ್ದು, ಮರ 96ರದ್ದು, ಎರಡೂ ಹೊಂದುತ್ತವೆ. ಜೊತೆಗೆ ನೆಕ್ ಕೂರುವ ಕುಳಿಯಲ್ಲಿ ಇನ್ನೊಂದು ವಸ್ತು ಸಿಕ್ಕಿತು, ಮಡಚಿಟ್ಟ ಮದುವೆ ಕಾಗದದ ತುಂಡು. ಅಂದರೆ ನನಗಿಂತ ಮುಂಚೆ ಯಾರೋ ಇದನ್ನು ಬಿಚ್ಚಿದ್ದಾರೆ. ಅಲ್ಲಿಂದ ನಾನು ಜಾಸ್ತಿ ಹುಷಾರಾದೆ.

ಪಿಕ್‌ಗಾರ್ಡ್, ಅಂದರೆ ಎದುರಿನ ಪ್ಲಾಸ್ಟಿಕ್ ಹಾಳೆ, ಎತ್ತಿದೆ. ತಂತಿಯ ಕಂಪನ ಹಿಡಿಯುವ ಮೂರು ಪಿಕಪ್‌ಗಳಲ್ಲಿ ಎರಡರ ಅಡಿಯಲ್ಲಿ ಪಟ್ಟಿಯಂಥ ಸೆರಾಮಿಕ್ ಅಯಸ್ಕಾಂತ ಅಂಟಿಸಿತ್ತು, ಆ ಕಾಲದ ಮೆಕ್ಸಿಕೋ ಸ್ಟ್ಯಾಂಡರ್ಡ್‌ನಲ್ಲಿ ಇರೋದೇ ಹಾಗೆ. ಬ್ರಿಡ್ಜ್ ಕಡೆಯದಕ್ಕೆ ಆ ಪಟ್ಟಿ ಇಲ್ಲ, ಆರು ಕಡ್ಡಿಗಳೇ ಅಯಸ್ಕಾಂತ. ಅಲ್ಲಿನ ಸೋಲ್ಡರ್ ಫಳಫಳ ಹೊಳೆಯುತ್ತಿತ್ತು, ಉಳಿದದ್ದು ಮಂಕು. ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ಗುಬ್ಬಿಯ ಕೆಳಗಿನ ಬಿಡಿಭಾಗ) ಕೂಡ ಬದಲಾಗಿತ್ತು. ಅದರ ಬೆನ್ನ ಮೇಲೆ 1370412. 137 ಅನ್ನೋದು ಸಿಟಿಎಸ್ ಕಂಪನಿಯ ಗುರುತು, ಮುಂದಿನದು 2004ರ 12ನೇ ವಾರ. ಬರೀ ಪಾಟ್ ನೋಡಿ ವಯಸ್ಸು ಹೇಳುವವರು ಇದನ್ನು 2004ರ ಗಿಟಾರ್ ಅಂದುಬಿಡುತ್ತಿದ್ದರು. ಪಾಟ್ ಹೇಳೋದು ಇಷ್ಟೇ: ನನ್ನನ್ನು ಇಲ್ಲಿ ಕೂರಿಸಿದ್ದು ಆ ದಿನಕ್ಕಿಂತ ಮುಂಚೆ ಅಲ್ಲ. ಅದು ಗಿಟಾರಿನ ಜೊತೆ ಹುಟ್ಟಿದ್ದೋ, ಆಮೇಲೆ ಬಂದದ್ದೋ ಅನ್ನೋದನ್ನು ಸೋಲ್ಡರೇ ಹೇಳಬೇಕು.

"89 ಅಲ್ಲ ಅಂಕಲ್, 96ಕ್ಕಿಂತ ಮುಂಚೆ ಇದು ಇರಲೇ ಇಲ್ಲ" ಅಂದೆ. ಅವರು ಒಪ್ಪಲಿಲ್ಲ. ಒಳಗಿಂದ ಆಂಟಿ ಬಂದು, "ಸಣ್ಣವಳು ಹುಟ್ಟಿದ ವರ್ಷ ಅಲ್ವಾ ನೀವು ಅದನ್ನು ತಂದದ್ದು?" ಅಂದರು. ಸಣ್ಣವಳು ಹುಟ್ಟಿದ್ದು 97ರಲ್ಲಿ. 89ರಲ್ಲಿ ತಂದದ್ದು ಟೇಪ್ ರೆಕಾರ್ಡರ್ ಅಂತೆ.

ಇನ್ನು ಬೆಲೆ. ಜನ ಎಡವೋದು ಇಲ್ಲೇ. ಹಳೆಯದು ಅಂದರೆ ದುಬಾರಿ ಅಂದುಕೊಳ್ಳುತ್ತಾರೆ. 1965ರಲ್ಲಿ ಫೆಂಡರ್ ಕಂಪನಿಯನ್ನು ಅಮೆರಿಕದ ಟಿವಿ-ರೇಡಿಯೋ ಕಂಪನಿ ಸಿಬಿಎಸ್ ಕೊಂಡುಕೊಂಡಿತು, ಅದಕ್ಕೂ ಮುಂಚಿನದಕ್ಕೆ ವಯಸ್ಸೇ ಬೆಲೆ. ತೊಂಬತ್ತರ ಮೆಕ್ಸಿಕೋ ಗಿಟಾರ್ ಒಳ್ಳೆಯದೇ, ಆದರೆ ಅದು ಸುಮ್ನೆ ಒಂದು ಸೆಕೆಂಡ್ ಹ್ಯಾಂಡ್ ಗಿಟಾರ್. ಉಲ್ಟಾ ಉದಾಹರಣೆ ನನ್ನ ಮನೆಯಲ್ಲೇ ಆಗಿದೆ. ಹಿಂದೆ ನನ್ನ ಹತ್ತಿರ ಒಂದು ಜಪಾನ್ ಸ್ಕ್ವಯರ್ (ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್) ಇತ್ತು, ನಂಬರ್ 'ಜೆವಿ' ಇಂದ ಶುರು. ಸ್ಕ್ವಯರ್ ಅಂದರೆ ಕಲಿಯುವ ಹುಡುಗರ ಗಿಟಾರ್ ಅಂತ ಹನ್ನೆರಡು ಸಾವಿರಕ್ಕೆ ಕೊಟ್ಟುಬಿಟ್ಟೆ. 1982ರಿಂದ 84ರ ಒಳಗೆ ಫುಜಿಜೆನ್ ಕಾರ್ಖಾನೆಯಲ್ಲಿ ಆದ ಆ 'ಜೆವಿ'ಗಳನ್ನು ಜನ ಹುಡುಕಿಕೊಂಡು ಓಡಾಡುತ್ತಾರೆ ಅನ್ನೋದು ಆಮೇಲೆ ಗೊತ್ತಾಯಿತು. ಈಗಲೂ ಹೊಟ್ಟೆ ಉರಿಯುತ್ತದೆ.

ಬೆಲೆ ಕಟ್ಟುವಾಗ ನಾನು ಮಾರುವವರು ಕೇಳುವ ಬೆಲೆ ನೋಡೋದಿಲ್ಲ, ಮಾರಾಟವಾದ ಬೆಲೆ ನೋಡ್ತೇನೆ. ವಾದ್ಯ ಮಾರುವ ವೆಬ್‌ಸೈಟ್ ರಿವರ್ಬ್‌ನಲ್ಲಿ ಅದು ಸಿಗುತ್ತದೆ. ಆದರೆ ಡಾಲರನ್ನು ರೂಪಾಯಿಗೆ ಗುಣಿಸಿ ಇಲ್ಲಿನ ಬೆಲೆ ಅನ್ನೋದು ತಪ್ಪು, ಅಲ್ಲಿಂದ ತರಿಸುವ ಖರ್ಚು, ಸುಂಕ ಬೇರೆ, ಇಲ್ಲಿ ಕೊಳ್ಳುವವರ ಸಂಖ್ಯೆ ಬೇರೆ. ಹಾಗಾಗಿ ಬೆಂಗಳೂರಿನಲ್ಲಿ ಇಂಥದ್ದೇ ಗಿಟಾರ್ ಈಚೆಗೆ ಮಾರಿದ ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ ನಲವತ್ತು ಸಾವಿರದ ಆಸುಪಾಸು ಹೇಳಿದರು. ಅದರಿಂದ ಕಳೆಯುತ್ತಾ ಬಂದೆ. ಮೊದಲ ಐದು ಫ್ರೆಟ್ ಸವೆದು ಹಳ್ಳ ಬಿದ್ದಿವೆ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಯ ಎತ್ತರ ಹೊಂದಿಸುವ ತುಂಡು) ಸ್ಕ್ರೂ ತುಕ್ಕು. ಮೂಲ ಪಿಕಪ್ ಒಂದು ಇಲ್ಲ. ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಕಂಬಿ) ಮಾತ್ರ ಕಾಲು ಸುತ್ತು ಬೆಣ್ಣೆಯಂತೆ ತಿರುಗಿತು, ನೆಕ್ ನೇರ ಇತ್ತು. ರಾಡ್ ಜಾಮ್ ಆಗಿದ್ದರೆ ಅಲ್ಲೇ ಕೈ ಮುಗಿದು ಬಸ್ ಹತ್ತುತ್ತಿದ್ದೆ.

ಮೂವತ್ತೆರಡು ಸಾವಿರಕ್ಕೆ ಮುಗಿಯಿತು. ಅಂಕಲ್‌ಗೆ ಬೇಸರ ಆಗಿದ್ದು ನಿಜ, ಆದರೆ ಎಲ್ಲವನ್ನೂ ಅವರ ಕಣ್ಣೆದುರೇ ತೋರಿಸಿದ್ದರಿಂದ ಜಗಳ ಆಗಲಿಲ್ಲ. ಆಂಟಿ ನೀರುದೋಸೆ ಕೊಟ್ಟರು.

ಮನೆಗೆ ಬಂದು ಮತ್ತೆ ಬಿಚ್ಚಿ ಜೋಡಿಸುವಾಗ ಆ ಮದುವೆ ಕಾಗದ ತೆಗೆದಿಟ್ಟೆ. ತಂತಿಗಳು ನೆಕ್ಕಿನಿಂದ ತೀರಾ ಮೇಲೆ ಎದ್ದು ನಿಂತವು, ಸ್ಯಾಡಲ್ ಎಷ್ಟು ಇಳಿಸಿದರೂ ಸಾಲಲಿಲ್ಲ. ಕಸದ ಬುಟ್ಟಿಯಿಂದ ಅದೇ ತುಂಡನ್ನು ಹುಡುಕಿ, ಅದೇ ಮಡಿಕೆಯಲ್ಲಿ ವಾಪಸ್ ಇಟ್ಟೆ.